ತಿಳಿದವರು ಮತ್ತು ತಿಳಿಯಬಾರದವರು

ಮಳೆ ಬರುವ ವಿಷಯ ಮಳೆಗಿಂತ ಮುಂಚೆ ತಿಳಿದರೆ ಸಣ್ಣ ರೈತರಿಗೆ ಪ್ರಯೋಜನವಾಗುತ್ತದೆ ಎಂಬುದಕ್ಕೆ ಯಾವ ಪುರಾವೆಯೂ ಇಲ್ಲವೆಂದು ಹವಾಮಾನ ಮಾಹಿತಿ ಸೇವಾ ಕಚೇರಿಯು ಸರ್ವಾನುಮತದಿಂದ ಒಪ್ಪಿಕೊಂಡಿತು. ಪುರಾವೆಯಿಲ್ಲದ ಪ್ರಯೋಜನವನ್ನು ಜನರಿಗೆ ಹಂಚುವುದು ನಿಯಮಬಾಹಿರ. ಆದಕಾರಣ ಊರಿನ ಈರುಳ್ಳಿ ಬೆಳೆಗಾರರನ್ನು ಚೀಟಿಯೆತ್ತಿ ಎರಡು ಪಾಲು ಮಾಡಲಾಯಿತು. ಮೊದಲನೆಯವರು ‘ತಿಳಿದವರು’, ಅವರ ಮೊಬೈಲಿಗೆ ಮುನ್ಸೂಚನೆ ಬರತಕ್ಕದ್ದು. ಎರಡನೆಯವರು ‘ತಿಳಿಯಬಾರದವರು’, ಅವರಿಗೆ ಏನೂ ಬರತಕ್ಕದ್ದಲ್ಲ. ಕೊನೆಗೆ ಎರಡನೆಯವರಿಗೆ ಎಷ್ಟು ನಷ್ಟವಾಯಿತೋ, ಮಾಹಿತಿಯ ಬೆಲೆ ಅಷ್ಟು.

ಚೀಟಿಗೆ ಕಣ್ಣಿಲ್ಲ. ಒಂದೇ ಮನೆಯ ಹಿರಿಸೊಸೆ ತಿಳಿದವಳಾದಳು, ಕಿರಿಸೊಸೆ ತಿಳಿಯಬಾರದವಳಾದಳು. ಗಂಡಂದಿರಿಬ್ಬರೂ ಲಾರಿ ಓಡಿಸುತ್ತಿದ್ದುದರಿಂದ ಬೇಸಾಯವೆಲ್ಲ ಇವರದೇ. ಇಬ್ಬರ ಹೊಲಗಳ ನಡುವೆ ಒಂದು ಬದು, ಇಬ್ಬರ ಒಲೆಗಳ ನಡುವೆ ಒಂದು ಗೋಡೆ, ಗೋಡೆಗೆ ಒರಗಿಕೊಂಡು ಅತ್ತೆ.

ನಿಯಮ ವಿವರಿಸಲು ಬಂದ ಕ್ಷೇತ್ರಾಧಿಕಾರಿಯನ್ನು ಅತ್ತೆ ಕೇಳಿದರು: “ಕಿರಿಯವಳಿಗೆ ಹೇಳಬಾರದು, ಸರಿ. ನನಗೆ ಹೇಳಬಹುದೇನಪ್ಪಾ?”

“ನೀವು ಯಾವ ಗುಂಪಲ್ಲೂ ಇಲ್ಲ ಅಜ್ಜಿ. ನಿಮಗೆ ತಿಳಿದರೂ ಒಂದೇ, ತಿಳಿಯದಿದ್ದರೂ ಒಂದೇ.”

“ಈ ಮನೇಲಿ ಮೊದಲಿಂದಲೂ ಹಾಗೇ ಬಿಡು,” ಎಂದರು ಅತ್ತೆ.

ಈರುಳ್ಳಿ ಕಿತ್ತು ಹೊಲದಲ್ಲೇ ಒಣಗಲು ಹರಡಿದ್ದ ಸಮಯ. ಆಗ ಒಂದು ಮಳೆ ಬಿದ್ದರೆ ಗೆಡ್ಡೆಗೆ ನೀರಿಳಿದು ಕೊಳೆಯುತ್ತದೆ. ಒಂದು ಬೆಳಿಗ್ಗೆ ಹಿರಿಸೊಸೆಯ ಮೊಬೈಲು ಕಿಣಿಕಿಣಿ ಎಂದಿತು. ಅವಳು ಓದಿ, ತಿಂಡಿಯನ್ನೂ ತಿನ್ನದೆ ಬುಟ್ಟಿ ಹಿಡಿದು ಹೊಲಕ್ಕೆ ಓಡಿದಳು.

“ಯಾಕಕ್ಕಾ, ಇನ್ನೂ ಹಸಿ ಇದೆ, ಈಗಲೇ ಎತ್ತುತಾ ಇದೀಯ?” ಎಂದು ಬದುವಿನಾಚೆಯಿಂದ ಕಿರಿಸೊಸೆ ಕೂಗಿದಳು.

ಹಿರಿಸೊಸೆ ತಲೆಯೆತ್ತಲಿಲ್ಲ. “ಸುಮ್ನೆ ಕಣೇ. ಬೇಜಾರಾಗಿತ್ತು.”

ಬೇಜಾರಾದವರು ಹಾಗೆ ಏದುಸಿರು ಬಿಡುವುದಿಲ್ಲ. ಕಿರಿಸೊಸೆಯೂ ಸೆರಗು ಸಿಕ್ಕಿಸಿ ತನ್ನ ಈರುಳ್ಳಿ ಎತ್ತತೊಡಗಿದಳು. ಅಷ್ಟರಲ್ಲಿ ಕ್ಷೇತ್ರಾಧಿಕಾರಿ ಬಂದರು.

“ಏನಮ್ಮಾ ಇದು? ನೀವು ತಿಳಿಯಬಾರದವರು!”

“ನನಗೆ ಯಾರೂ ಏನೂ ಹೇಳಿಲ್ಲ ಸಾರ್. ಅಕ್ಕನ್ನ ನೋಡಿದೆ.”

“ನೋಡೋಕೆ ಅಡ್ಡಿಯಿಲ್ಲ. ಅರ್ಥ ಮಾಡ್ಕೋಬಾರದು.”

ಕಿರಿಸೊಸೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇಂಥ ಬಿಸಿಲಲ್ಲಿ ಕಂಕುಳಲ್ಲಿ ಕೊಡೆ ಯಾಕೆ ಸಾರ್?”

ಅಧಿಕಾರಿ ಕೊಡೆಯನ್ನು ಬೆನ್ನ ಹಿಂದೆ ಸರಿಸಿದರು. ಅವರು ಕೆಟ್ಟವರಲ್ಲ, ದನಿ ತಗ್ಗಿಸಿ ತಿಳಿಹೇಳಿದರು: “ನೋಡಿ ತಾಯಿ, ನಿಮ್ಮದೂ ಉಳಿದರೆ ಇಬ್ಬರ ನಷ್ಟವೂ ಸೊನ್ನೆ. ಮಾಹಿತಿಗೆ ಬೆಲೆಯಿಲ್ಲ ಅಂತಾಗತ್ತೆ, ಸೇವೆ ಮುಚ್ಚತ್ತೆ. ನಾಡಿನ ರೈತರೆಲ್ಲರ ಒಳ್ಳೇದಕ್ಕೆ ನಿಮ್ಮ ಈರುಳ್ಳಿ ಕೊಳೀಬೇಕು.”

“ನಾಡಿನ ರೈತರಲ್ಲಿ ನಾನಿಲ್ವಾ ಸಾರ್?”

“ಈ ಸುಗ್ಗಿಗೆ ಇಲ್ಲ.”

ಕಿರಿಸೊಸೆ ತನ್ನ ಈರುಳ್ಳಿಯ ಕಡೆಗೆ ತಿರುಗಿದಳು. ಬೆನ್ನು ಬಗ್ಗಿಸಿ ನೆಟ್ಟು, ಕಳೆ ಕಿತ್ತು, ಮಗುವನ್ನು ಬದುವಿನ ಮೇಲೆ ಮಲಗಿಸಿ ನೀರು ಹಾಯಿಸಿದ ಬೆಳೆ. ಅವಳು ಮತ್ತೆ ಬುಟ್ಟಿ ತುಂಬತೊಡಗಿದಳು. ಹಿರಿಸೊಸೆ ತನ್ನದನ್ನು ಅರ್ಧಕ್ಕೇ ಬಿಟ್ಟು ಬದು ದಾಟಿ ಬಂದಳು. “ನಾನೇನೂ ಹೇಳ್ತಾ ಇಲ್ಲ ಸಾರ್, ಬರೀ ಎತ್ತುತಾ ಇದೀನಿ,” ಎಂದು ಸಮಜಾಯಿಷಿಯನ್ನೂ ಕೊಟ್ಟಳು. ಎರಡೂ ಹೊಲದ್ದು ಕೊಟ್ಟಿಗೆ ಸೇರುವ ಹೊತ್ತಿಗೆ ಆಕಾಶವೇ ಕಳಚಿದಂತೆ ಮಳೆ ಬಿತ್ತು. ಕೊನೆಯ ಬುಟ್ಟಿಗೆ ಅಧಿಕಾರಿಯೇ ಕೊಡೆ ಹಿಡಿದಿದ್ದರು.

ಇದಕ್ಕಾಗಿ ಅವರಿಗೆ ನೋಟಿಸು ಬಂತು: “ಬಿಸಿಲಿನಲ್ಲಿ ಕೊಡೆ ಧರಿಸುವುದರ ಮೂಲಕ ಗೌಪ್ಯ ಮಾಹಿತಿ ಸೋರಿಕೆ.” ಮುಂದೆ ಸಿಬ್ಬಂದಿಯು ಮಳೆಯ ದಿನ ನೆನೆಯತಕ್ಕದ್ದು ಎಂದು ಆದೇಶವೂ ಹೊರಟಿತು.

ಆದರೆ ರೋಗ ಕೊಡೆಯದಲ್ಲ ಎಂದು ನಿರ್ದೇಶಕರು ಸಭೆಯಲ್ಲಿ ಕಂಡುಹಿಡಿದರು. “ಮಾಹಿತಿ ಸೋರುವುದು ಯಾಕೆ? ಅದು ಮಳೆಗಿಂತ ಮುಂಚೆ ಹೋಗುತ್ತಿರುವುದರಿಂದ. ಮಳೆ ನಿಂತ ಮೇಲೆ ಕಳಿಸಿದರೆ ಯಾರು ಯಾರಿಗೆ ಹೇಳಿದರೂ ಬಾಧಕವಿಲ್ಲ. ಗುಂಪುಗಳೂ ಬೇಡ, ಎಲ್ಲರಿಗೂ ಕಳಿಸಬಹುದು.”

ಸಭೆ ಮೇಜು ಕುಟ್ಟಿತು. ಮುನ್ಸೂಚನೆ ಆಗಾಗ ತಪ್ಪುತ್ತದೆ, ಹಿನ್ಸೂಚನೆ ತಪ್ಪುವುದೇ ಇಲ್ಲ. ವರ್ಷದೊಳಗೆ ಕಚೇರಿಗೆ ನಿಖರತೆಯ ಪ್ರಶಸ್ತಿ ಬಂತು. ಹೊರನಾಡುಗಳಿಂದ ತಜ್ಞರು ಬಂದು ನೋಡಿ, ಇಂಥ ನಿಖರತೆ ತಮ್ಮಲ್ಲಿ ಕನಸಿನ ಮಾತೆಂದು ನಿಟ್ಟುಸಿರಿಟ್ಟರು.

ಮುಂದಿನ ಸುಗ್ಗಿಯಲ್ಲಿ ಎರಡೂ ಹೊಲದ ಈರುಳ್ಳಿ ನೆನೆಯಿತು. ಓರಗಿತ್ತಿಯರು ಜಗಲಿಯಲ್ಲಿ ಕೂತು ಕೊಳೆತದ್ದನ್ನು ಬೇರೆ ಮಾಡುತ್ತಿದ್ದಾಗ ಇಬ್ಬರ ಮೊಬೈಲೂ ಒಟ್ಟಿಗೇ ಕಿಣಿಕಿಣಿ ಎಂದವು.

“ಏನಂತೆ?” ಎಂದರು ಅತ್ತೆ.

“ನಿನ್ನೆ ಮಧ್ಯಾಹ್ನ ಜೋರು ಮಳೆ ಆಯ್ತಂತೆ,” ಎಂದು ಕಿರಿಸೊಸೆ ಓದಿ ಹೇಳಿದಳು.

“ಹೌದಲ್ವೇ! ಒಂದಕ್ಷರ ಸುಳ್ಳಿಲ್ಲ ನೋಡು.”

“ಮತ್ತೆ ಈ ಸಲ ಭೇದಭಾವವೂ ಇಲ್ಲ ಅತ್ತೆ,” ಎಂದಳು ಹಿರಿಸೊಸೆ, ಮೆತ್ತಗಾದ ಗೆಡ್ಡೆಯೊಂದನ್ನು ಅಂಗಳದಾಚೆ ಎಸೆಯುತ್ತ. “ಇಬ್ಬರಿಗೂ ತಿಳಿಸಿದ್ದಾರೆ.”