ಮಾರುಕಟ್ಟೆ ಬೀದಿಗೆ ಕೇಕು ಹಾಕಿದ್ದು

ಈ ಸಲದ ಪುರಸಭೆಯ ಹೂವು, ತರಕಾರಿ ಮತ್ತು ಮನೆಯಲ್ಲೇ ಬೇಯಿಸಿದ ಕೇಕು-ಬ್ರೆಡ್ಡುಗಳ ಪ್ರದರ್ಶನವು ಸಂಪೂರ್ಣ ನಿಯಮಾನುಸಾರ ನಡೆಯಿತೆಂಬುದನ್ನು ಮೊದಲೇ ದಾಖಲಿಸುತ್ತೇನೆ. ಹಿಂದೆ ನಿಯಮಗಳೇ ಇರಲಿಲ್ಲ. ಜನ ಬೆಳಿಗ್ಗೆ ಬದನೆಕಾಯಿ ಕಿತ್ತು ತಂದು ಸಂಜೆ ಬಹುಮಾನ ಹೊತ್ತುಕೊಂಡು ಹೋಗುವಂಥ ಅರಾಜಕತೆ ಇತ್ತು.

ಇದನ್ನು ಸರಿಪಡಿಸಲು ಗುಮಾಸ್ತರು ಪ್ರಕಟಣೆ ಸಿದ್ಧಪಡಿಸಿದರು. ಪುರಸಭೆಯಲ್ಲಿ ಮಂಜೂರಾದ ನಮೂನೆ ಒಂದೇ: ರಸ್ತೆ ಗುಂಡಿ ಮುಚ್ಚುವ ಟೆಂಡರಿನದು. ಹೊಸ ನಮೂನೆ ಬೇಕಾದರೆ, ಅದನ್ನು ಕೋರುವ ಅರ್ಜಿಯ ನಮೂನೆ ಮೊದಲು ಮಂಜೂರಾಗಬೇಕು. ಹಾಗಾಗಿ ತಲೆಬರಹವನ್ನಷ್ಟೇ ಬದಲಿಸಿದರು. ಓದಿ ಸಹಿ ಹಾಕಿದವನು ಸಮಿತಿಯ ಹಿರಿಯ ಸದಸ್ಯನಾದ ನಾನು. ಕನ್ನಡಕವಿಲ್ಲದೆ, ಅದೂ ಕಾಫಿ ಆರುವುದರೊಳಗೆ, ಹನ್ನೆರಡು ಪುಟ ಓದಿ ಮುಗಿಸಬಲ್ಲವರು ಈ ಊರಲ್ಲಿ ಇನ್ನೊಬ್ಬರಿದ್ದರೆ ಮುಂದೆ ಬರಲಿ.

ನಿಯಮ ನಾಲ್ಕು: ಸ್ಪರ್ಧೆಯ ವಸ್ತುವನ್ನು ಮೂವತ್ತು ದಿನ ಮುಂಚಿತವಾಗಿ, ಅರಗಿನ ಮುದ್ರೆಯೊತ್ತಿದ ಲಕೋಟೆಯಲ್ಲಿ ಸಲ್ಲಿಸತಕ್ಕದ್ದು.

ನನ್ನ ಅಕ್ಕನ ಮಗಳು ಕೇಕಿನ ಸ್ಪರ್ಧೆಗೆ ನಿಂತಿದ್ದಳು. ಅವಳ ಕೇಕು ಎಂದರೆ ಊದಿದರೆ ಹಾರುವ ಹಾಗೆ. ಆದರೆ ಅವಳ ಅತ್ತೆಗೆ ಅಡುಗೆಮನೆಯ ಅರ್ಧ ಜಾಗ ನುಂಗಿದ ಓವನ್ ಕಂಡರೆ ಮೈಯೆಲ್ಲ ಉರಿ. ಈ ಸಲ ಬಹುಮಾನ ಬಂದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಗುಜರಿಗೆ ಎಂದು ಆಕೆ ತೀರ್ಮಾನ ಕೊಟ್ಟಾಗಿತ್ತು. ಗುಜರಿಯವನು ಬಂದು ತೂಕವನ್ನೂ ಅಂದಾಜು ಮಾಡಿಕೊಂಡು ಹೋಗಿದ್ದ.

"ಮಾವ, ಒಂದು ತಿಂಗಳು ಮುಚ್ಚಿಟ್ರೆ ಕೇಕ್ ಏನಾಗುತ್ತೆ ಗೊತ್ತಾ?" ಎಂದಳು.

"ಗಟ್ಟಿಯಾಗುತ್ತೆ ಕಣೇ. ನಿನ್ನ ಅತ್ತೆ ಮನೇಲಿ ನೀನು ಆಗಿಲ್ವಾ?" ಎಂದು ಧೈರ್ಯ ತುಂಬಿದೆ.

ಗೊತ್ತುಪಡಿಸಿದ ದಿನ ಸಭಾಂಗಣದಲ್ಲಿ ಲಕೋಟೆಗಳನ್ನು ಒಡೆಯಲಾಯಿತು. ಗುಲಾಬಿಗಳು ಪುಡಿಯ ರೂಪದಲ್ಲಿ ಹಾಜರಿದ್ದವು. ಡಾಕ್ಟರ ಹೆಂಡತಿಯ ಟೊಮೇಟೊ ಲಕೋಟೆಯನ್ನು ತೊರೆದು, ಮೇಜನ್ನು ತೊರೆದು, ಗುಮಾಸ್ತರ ಖಾನೆ ಸೇರಿತ್ತು. ಬಡಗಿಯ ಕುಂಬಳಕಾಯಿಗೆ ಗೋಣಿಚೀಲವನ್ನೇ ಲಕೋಟೆಯೆಂದು ಪರಿಗಣಿಸಲಾಗಿತ್ತು. ಅದನ್ನು ತೆರೆದ ಅಗ್ನಿಶಾಮಕ ದಳದವರು ಇನ್ನೂ ವರದಿ ಕೊಡುವ ಸ್ಥಿತಿಗೆ ಬಂದಿಲ್ಲ.

ನಮೂನೆಯ ಪ್ರಕಾರ ತೀರ್ಪುಗಾರರು ರಸ್ತೆ ಇಂಜಿನಿಯರೇ ಆಗಿರಬೇಕಿತ್ತು. ಅವರು ನನ್ನ ಸೋದರ ಸೊಸೆಯ ಕೇಕಿನ ಮೇಲೆ ನೀರು ಹೊಯ್ದರು, ಹತ್ತಿ ನಿಂತರು, ಕೊನೆಗೆ ಸುತ್ತಿಗೆಯಿಂದ ಹೊಡೆದರು. ಸುತ್ತಿಗೆಯ ಹಿಡಿ ಮುರಿಯಿತು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಇಂಥ ಗುಣಮಟ್ಟ ನೋಡಿರಲಿಲ್ಲವೆಂದು ಅವರು ಕಣ್ಣೊರೆಸಿಕೊಂಡರು. ಮೊದಲ ಬಹುಮಾನ ಅವಳಿಗೇ.

ಬಹುಮಾನದ ಬಟ್ಟಲಿನ ಜೊತೆ ಒಂದು ಕಾಗದವೂ ಇತ್ತು: ಮಾರುಕಟ್ಟೆ ಬೀದಿಯ ನಲವತ್ತೆರಡು ಗುಂಡಿಗಳನ್ನು ಸದರಿ ಸಾಮಗ್ರಿಯಿಂದಲೇ ಮುಚ್ಚತಕ್ಕದ್ದು.

"ಸಾರ್, ಇದು ತಿನ್ನೋ ವಸ್ತು," ಎಂದಳು ಅವಳು.

ಪುರಸಭೆಯ ಅಧ್ಯಕ್ಷರು ನಮೂನೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು. "ಇರಬಹುದಮ್ಮ. ಆದ್ರೆ ತಿನ್ನಬಹುದಾ ಅಂತ ಇದರಲ್ಲಿ ಕಾಲಂ ಇಲ್ಲ. ಕೆಲಸ ಒಪ್ಕೊಳ್ಳದಿದ್ರೆ ಬಟ್ಟಲು ಇಲ್ಲೇ ಇಟ್ಟು ಹೋಗು."

ಬಟ್ಟಲು ಇಲ್ಲೇ ಉಳಿದರೆ ಓವನ್ ಅಲ್ಲಿ ಉಳಿಯುವುದಿಲ್ಲ. ಅವಳು ನನ್ನ ಮುಖ ನೋಡಿದಳು, ನಾನು ಫ್ಯಾನು ನೋಡಿದೆ. ಸಹಿ ಹಾಕಿದಳು.

ಅಲ್ಲಿಂದ ಮುಂದೆ ಓವನ್ ಹಗಲಿಡೀ ಉರಿಯಿತು. ಕೇಕುಗಳನ್ನು ಮೂವತ್ತು ದಿನ ಗಟ್ಟಿಯಾಗಲು ಪುರಸಭೆಯ ದಾಖಲೆ ಕೊಠಡಿಯಲ್ಲಿ ಇಡಲಾಯಿತು, ಏಕೆಂದರೆ ಅಲ್ಲಿಟ್ಟದ್ದನ್ನು ಯಾರೂ ಮುಟ್ಟಿದ ಇತಿಹಾಸವಿಲ್ಲ. ಪದ್ಧತಿಯಂತೆ ಹತ್ತಕ್ಕೊಂದು ಅಧ್ಯಕ್ಷರ ಮನೆಗೆ ಹೋಯಿತು. ಅದು ಮಾತ್ರ ಬಿಸಿಬಿಸಿಯಾಗಿರಲಿ ಎಂದು ಮೌಖಿಕ ಸೂಚನೆ ಇತ್ತು. ಬೀದಿ ಎಷ್ಟು ನುಣುಪಾಯಿತೆಂದರೆ, ನಾನು ಒಮ್ಮೆ ಸೈಕಲ್ ಪೆಡಲ್ ತುಳಿದವನು ಮೂರನೇ ಊರಿನಲ್ಲಿ ನಿಂತೆ. ಇರುವೆಗಳಿಗೆ ತೆರವಿನ ನೋಟಿಸು ಹಚ್ಚಲಾಗಿದೆ, ಅವುಗಳಿಗೆ ನಿಲುಕುವ ಎತ್ತರದಲ್ಲೇ. ಉತ್ತರ ಬಂದಿಲ್ಲ.

ಗುಜರಿಯವನು ಇನ್ನೊಮ್ಮೆ ಬಂದಾಗ ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋಗಿ, ಎರಡನೇ ಓವನ್ ಎಲ್ಲಾದರೂ ಕಂಡರೆ ತಂದುಕೊಡಲು ಹೇಳಿ ಕಳಿಸಿದರಂತೆ. ಆಕೆ ಈಗ ಮಾರುಕಟ್ಟೆಗೆ ಹೋಗುವಾಗ ಬೀದಿಯ ತುದಿಯಲ್ಲೇ ನಿಂತು, ಹಿಂದೆ ಬರುವವರಿಗೆಲ್ಲ ಹೇಳುತ್ತಾರೆ: "ಚಪ್ಪಲಿ ಬಿಟ್ಟು ನಡೀರಿ. ನಮ್ಮ ಸೊಸೆ ಕೈಯಡುಗೆ."

ಜನ ಬಿಡುತ್ತಾರೆ. ಚಪ್ಪಲಿ ಕಾಯಲು ಪುರಸಭೆ ಒಂದು ಹುದ್ದೆ ಸೃಷ್ಟಿಸಿದೆ. ಎಲ್ಲ ಅರ್ಜಿಗಳನ್ನೂ ಕೂಲಂಕಷವಾಗಿ ಪರಿಶೀಲಿಸಿದ ಮೇಲೆ, ಅಧ್ಯಕ್ಷರ ಭಾವಮೈದುನನೇ ಅರ್ಹನೆಂದು ಕಂಡುಬಂದಿದೆ.