ನನ್ನ ಗಂಡನ ತಲೆ ತಗ್ಗಿಸಿದ ಏರೋ ಬಾರುಗಳಿಗೆ

ಮಾನ್ಯರೇ,

ಮದ್ದೂರಿನ ಶ್ರೀ ಪ್ರಸನ್ನ ಅವರ ಮೌಂಟನ್ ಬೈಕಿನ ಹ್ಯಾಂಡಲ್ಲಿನಿಂದ ಎರಡು ಕೊಂಬುಗಳಂತೆ ಮುಂದಕ್ಕೆ ಚಾಚಿಕೊಂಡು, ಬುಡದಲ್ಲಿ ಮೊಣಕೈ ಊರಲು ಎರಡು ಮೆತ್ತನೆಯ ದಿಂಬುಗಳನ್ನೂ ಇಟ್ಟುಕೊಂಡು ವಿರಾಜಮಾನರಾಗಿರುವ ತಮ್ಮಿಬ್ಬರಿಗೆ, ಮದುವೆಯಾಗಿ ಎರಡೇ ತಿಂಗಳಾದ, ಸದ್ಯ ಕಿರುಗಾವಲಿನ ತವರಿನಲ್ಲಿ ದಿನ ಎಣಿಸುತ್ತಿರುವ ಅವರ ಹೆಂಡತಿಯ ಅನಂತಾನಂತ ನಮಸ್ಕಾರಗಳು. ತಾವು ಕುಶಲವೆಂದು ನಂಬಿದ್ದೇನೆ. ತಮ್ಮ ದಿಂಬುಗಳೂ ಕುಶಲವೇ?

ತಮಗೆ ಈ ಸೀಮೆ ಹೊಸದಾದ್ದರಿಂದ ನಮ್ಮ ಕಡೆಯ ಪದ್ಧತಿಯೊಂದನ್ನು ವಿನಯದಿಂದ ತಿಳಿಸುತ್ತೇನೆ. ಆಷಾಢ ಬಂತೆಂದರೆ ಹೊಸ ಹೆಂಡತಿ ತವರಿಗೆ ಹೋಗಬೇಕು, ಹೊಸ ಅಳಿಯ ಆ ತಿಂಗಳು ಅತ್ತೆಮನೆಯ ಹೊಸ್ತಿಲು ತುಳಿಯಬಾರದು. ನನ್ನ ಅಪ್ಪ ಅಮ್ಮ ಇದನ್ನೆಲ್ಲ ನಂಬುವುದಿಲ್ಲ. ಆದರೆ ನಮ್ಮಜ್ಜಿ ಮಾಯಮ್ಮ ನಂಬುತ್ತಾರೆ, ಮತ್ತು ಅಜ್ಜಿ ನಂಬಿದ್ದನ್ನು ನಮ್ಮ ಮನೆಯಲ್ಲಿ ಉಳಿದವರು ಪಾಲಿಸುತ್ತಾರೆ. ಅಜ್ಜಿಯ ಪ್ರಕಾರ ಹೊಸ್ತಿಲು ಶುರುವಾಗುವುದು ಬಾಗಿಲಿನಲ್ಲಲ್ಲ, ಬೀದಿಯ ಗೇಟಿನಲ್ಲಿ. ಬಸ್ಸಿನಲ್ಲಿ ಬಂದವನು ಇಳಿದು ನಿಲ್ಲಬೇಕು, ನಿಂತರೆ ಊರು ಕೇಳುತ್ತದೆ. ಸೈಕಲ್ಲಿನವನಾದರೆ ವ್ಯಾಯಾಮದ ಹೆಸರಿನಲ್ಲಿ ಯಾವ ಬೀದಿಯಲ್ಲಾದರೂ ಹಾಯಬಹುದು. ಆದ್ದರಿಂದ ನಾವು ಗುಟ್ಟಾಗಿ ಒಂದು ಏರ್ಪಾಡು ಮಾಡಿಕೊಂಡೆವು: ಪ್ರತಿ ಭಾನುವಾರ ಬೆಳಿಗ್ಗೆ ಅವರು ಮದ್ದೂರಿನಿಂದ ಮಳವಳ್ಳಿ ದಾಟಿ ಬಂದು ನಮ್ಮ ಗೇಟಿನ ಮುಂದೆ ನಿಧಾನವಾಗಿ ಹಾದುಹೋಗುವುದು, ನಾನು ಮಲ್ಲಿಗೆ ಮುಡಿದು ಅಲ್ಲಿ ನಿಂತಿರುವುದು. ವಾರಕ್ಕೆ ಹತ್ತು ಸೆಕೆಂಡು. ಮಾನ್ಯರೇ, ಈ ತಿಂಗಳ ನನ್ನ ದಾಂಪತ್ಯವೆಂದರೆ ಅಷ್ಟೇ!

ಮೊದಲ ಭಾನುವಾರ ಅವರು ಬಂದರು, ನಕ್ಕರು, ಕೈ ಬೀಸಲು ಹೋದರು, ಆಗಲಿಲ್ಲ. ನಲವತ್ತು ಕಿಲೋಮೀಟರು ಹ್ಯಾಂಡಲ್ಲಿನ ಮೇಲೆ ಭಾರ ಹಾಕಿ ಅಂಗೈಗಳೆರಡೂ ಜೋಮು ಹಿಡಿದಿದ್ದವು. ಮರುದಿನವೇ ಅವರು ಅಂಗೈಗೆ ಆರಾಮ ಕೊಡುವ ವಸ್ತುವನ್ನು ಫೋನಿನಲ್ಲಿ ಹುಡುಕತೊಡಗಿ, ಗಿಡ್ಡವೂ ಎತ್ತರವೂ ಆಗಿದ್ದ ಎಷ್ಟೋ ಸಾಧು ಜೋಡಿಗಳನ್ನು ಬಿಟ್ಟು, ಎಲ್ಲರಿಗಿಂತ ಉದ್ದವಾಗಿದ್ದ, ಎಲ್ಲರಿಗಿಂತ ತಗ್ಗಾಗಿದ್ದ ತಮ್ಮನ್ನೇ ಆರಿಸಿಕೊಂಡರು. ಕಾರಣ ಕೇಳಿದರೆ, ಚಿತ್ರದಲ್ಲಿದ್ದ ಸವಾರ ಬಹಳ ಸುಖವಾಗಿದ್ದಂತೆ ಕಂಡನಂತೆ. ಆ ಸವಾರನಿಗೆ ಹೆಂಡತಿಯನ್ನು ನೋಡುವ ಕೆಲಸವಿರಲಿಲ್ಲವೆಂಬುದು ಇವರಿಗೆ ಹೊಳೆಯಲಿಲ್ಲ.

ಎರಡನೆಯ ಭಾನುವಾರದ ತಮ್ಮ ಪರಾಕ್ರಮವನ್ನು ಎಷ್ಟು ಹೊಗಳಿದರೂ ಸಾಲದು. ನನ್ನ ಪತಿದೇವರು ಹಲ್ಲಿಯಂತೆ ಸೈಕಲ್ಲಿನ ಮೇಲೆ ಚಪ್ಪಟೆಯಾಗಿ, ಗದ್ದವನ್ನು ತಮ್ಮ ನಡುವೆ ಇಳಿಸಿ, ಮುಂದಿನ ಚಕ್ರವನ್ನೇ ಪ್ರೀತಿಯಿಂದ ನೋಡುತ್ತಾ, ರೇಷ್ಮೆ ಸೀರೆಯುಟ್ಟು ನಿಂತಿದ್ದ ನನ್ನನ್ನು ಬಾಣದಂತೆ ದಾಟಿ ಹೋದರು. ಎದುರುಮನೆಯ ಪಟ್ಟಲಮ್ಮನವರು ಪೊರಕೆ ಹಿಡಿದು ಇದನ್ನೆಲ್ಲ ನೋಡಿ ನನ್ನನ್ನು ಕರೆದು ಕೇಳಿದರು: "ನಿನ್ ಗಂಡ ನೆಲದಲ್ಲಿ ಏನೋ ಕಳ್ಕಂಡೋನಂಗೆ ಓಯ್ತಾವ್ನಲ್ಲ ಕಣಮ್ಮಿ, ಮದ್ವೆ ಉಂಗ್ರನಾ?" ಸಂಜೆಯೊಳಗೆ, ನಾವು ಜಗಳವಾಡಿದ್ದೇವೆಂಬ ಸುದ್ದಿ ಬಸ್ ಸ್ಟ್ಯಾಂಡಿನವರೆಗೂ ಹೋಗಿತ್ತು.

ಆಮೇಲೆ ಆರಿಸುವ ಕೆಲಸವನ್ನು ನಾನೇ ಕೈಗೆತ್ತಿಕೊಂಡೆ. ಮಳವಳ್ಳಿಯ ಸೈಕಲ್ ಮೆಕ್ಯಾನಿಕ್ ಒವೈಸ್ ಅವರಿಗೆ ತಮ್ಮ ಫೋಟೋ ಕಳಿಸಿದಾಗ ಅವರು ನಕ್ಕು ಕೇಳಿದ್ದು ಒಂದೇ ಮಾತು: "ನಿಮ್ಮೆಜಮಾನ್ರು ರೇಸಿಗೋಯ್ತಾವ್ರಾ ಅಕ್ಕ, ನಿಮ್ಮನೆಗೋಯ್ತಾವ್ರಾ?" ಮೌಂಟನ್ ಬೈಕಿನಲ್ಲಿ ಹ್ಯಾಂಡಲ್ಲು ಸೀಟಿನಿಂದ ಮೊದಲೇ ದೂರ, ಅದರ ಮೇಲೆ ಇಷ್ಟುದ್ದದ್ದು ಹಾಕಿದರೆ ಮನುಷ್ಯ ಮಲಗಲೇಬೇಕೆಂದು ವಿವರಿಸಿ, ಮೂರನೆಯ ಭಾನುವಾರ ಇವರು ಅಂಗಡಿಯ ಮುಂದೆ ಹಾಯುವಾಗ ತಡೆದು ನಿಲ್ಲಿಸಿ, ತಮ್ಮನ್ನು ಹಿಂದಕ್ಕೆ ಸರಿಸಿ, ದಿಂಬುಗಳ ಕೆಳಗೆ ಎರಡು ಇಂಚು ಎತ್ತರ ಕೊಟ್ಟು ಕಳಿಸಿದರು.

ಅಂದು ನನ್ನ ಗಂಡ ತಲೆ ಎತ್ತಿಕೊಂಡು ಬಂದರು. ದೂರದಿಂದಲೇ ನನ್ನನ್ನು ಕಂಡರು, ಕಂಡವರು ಕಣ್ಣು ಕೀಳಲಿಲ್ಲ. ಕೈಗಳು ತಮ್ಮ ತುದಿಯಲ್ಲಿ, ಬ್ರೇಕು ಹಿಂದೆ ಹ್ಯಾಂಡಲ್ಲಿನಲ್ಲಿ. ಕಣ್ಣು ಹೋದ ಕಡೆಗೇ ಸೈಕಲ್ಲು ಹೋಗುತ್ತದಂತೆ. ತೆರೆದ ಗೇಟು, ನಾನು, ಒಣಹಾಕಿದ್ದ ಹುರುಳಿ ಎಲ್ಲವನ್ನೂ ಸವರಿಕೊಂಡು ಅವರು ಅಂಗಳಕ್ಕೆ ನುಗ್ಗಿದರು, ತಾವು ಹುಲ್ಲಿನ ಮೆದೆಯೊಳಕ್ಕೆ ಗೇಣುದ್ದ ಹೊಕ್ಕು ನಿಂತಿರಿ. ಸೈಕಲ್ಲು ಬೀಳಲಿಲ್ಲ. ಅವರು ಕಾಲೂರಬೇಕೆನ್ನುವಷ್ಟರಲ್ಲಿ ಅಜ್ಜಿ ಜಗುಲಿಯಿಂದ ಕೋಲೆತ್ತಿದರು.

"ಕಾಲ್ ಕೆಳಗಿಡ್ಬ್ಯಾಡಿ ಅಳಿಯಂದ್ರೆ. ನೆಲ ತುಳೀದಿದ್ರೆ ಬಂದಂಗಲ್ಲ. ಲೇ ಅರುಂಧತಿ, ಕಾಪಿ ತತ್ತಾ."

ಮಾನ್ಯರೇ, ಆ ಅರ್ಧ ಗಂಟೆ ತಾವು ಮೆದೆಯಲ್ಲಿ ಅಲುಗಾಡದೆ ನಿಂತು ಸೈಕಲ್ಲನ್ನು ಹಿಡಿದಿದ್ದಿರಿ, ಅವರು ಪೆಡಲಿನ ಮೇಲೆ ಪಾದವಿಟ್ಟು, ದಿಂಬುಗಳ ಮೇಲೆ ಮೊಣಕೈಯೂರಿ, ಎರಡು ಲೋಟ ಕಾಫಿ ಕುಡಿದರು. ನಾನು ಬೀಳದಂತೆ ಹಿಡಿಯುವ ನೆಪದಲ್ಲಿ ಅವರ ಬೆನ್ನಿನ ಮೇಲೆ ಕೈಯಿಟ್ಟೇ ಇದ್ದೆ. ಅಂಗೈ ಜೋಮು ಹಿಡಿದಿದೆಯೇ ಎಂದು ಕೇಳಿದೆ. ಇಲ್ಲ ಎಂದು ತೋರಿಸಲು ನನ್ನ ಕೈ ಹಿಡಿದರು. ಅಜ್ಜಿ ಆಚೆ ಮುಖ ತಿರುಗಿಸಿ ಹುರುಳಿ ಆಯುತ್ತಿದ್ದರು.

ಆದ್ದರಿಂದ ಈ ದೂರನ್ನು ಇಲ್ಲಿಗೇ ಹಿಂತೆಗೆದುಕೊಂಡು, ಮುಂದಿನ ಭಾನುವಾರ ಇನ್ನೂ ಒಂದು ಗೇಣು ಆಳಕ್ಕೆ ಸಿಕ್ಕಿಹಾಕಿಕೊಳ್ಳಬೇಕೆಂದು ಕೈಮುಗಿದು ಕೋರುತ್ತೇನೆ.

ಆಷಾಢ ಮುಗಿಯುವವರೆಗೆ ಮಾತ್ರ ತಮ್ಮ ವಿಶ್ವಾಸಿ,
ಅರುಂಧತಿ ಪ್ರಸನ್ನ

ಮರೆತ ಮಾತು: ತಾವು ಗಾಳಿಯನ್ನು ಸೀಳಿ ಸಮಯ ಉಳಿಸುತ್ತೀರೆಂದು ತಮ್ಮ ಪೆಟ್ಟಿಗೆಯ ಮೇಲೆ ಬರೆದಿದೆ. ಇತ್ತ ಬರುವಾಗ ಧಾರಾಳವಾಗಿ ಉಳಿಸಿ. ಹಿಂತಿರುಗುವಾಗ ದಯಮಾಡಿ ಎದುರುಗಾಳಿಗೆ ಸೋಲಿ. ಇಲ್ಲವಾದರೆ ಒವೈಸ್ ಅವರ ಹತ್ತಿರ ಗರಗಸವೂ ಇದೆ.