ಲಗ್ನಪತ್ರಿಕೆಗೆ ಬಿದ್ದ ಕತ್ತರಿ

ಬೇರೆಯವರು ಬರೆದ ಕೋಡ್ ಓದಿ ತಪ್ಪು ಹುಡುಕುವುದು ನನ್ನ ಕೆಲಸ. ಗೋಕಾಕದಲ್ಲಿ ಕೂತು ಈ ಕೆಲಸ ಮಾಡುವವನಿಗೆ ತಲೆ ಚಚ್ಚಿಕೊಳ್ಳಲು ಬೇರೆ ಕಾರಣ ಬೇಕಾಗುವುದಿಲ್ಲ.

ಒಂದೇ ಕಾಲಂ

ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸುಗಳು ಹೆಸರುಗಳನ್ನು ತುಂಬಿ ಎಕ್ಸ್‌ಎಂಎಲ್ ಫೈಲ್ ಕಳಿಸುತ್ತವೆ. ನಮ್ಮ ಪ್ರೋಗ್ರಾಂ ಅದನ್ನು ಓದಿ ಪತ್ರಿಕೆ ಜೋಡಿಸುತ್ತದೆ. ಒಂದು ಮುಂಜಾನೆ ಮೂಡಲಗಿಯ ಪ್ರೆಸ್ಸಿನ ಫೈಲ್ ಓದುತ್ತಾ ಓದುತ್ತಾ ಪ್ರೋಗ್ರಾಂ ಮಲಗಿಬಿಟ್ಟಿತು. ತೆಗೆದು ನೋಡಿದರೆ, ‘ಸುಖಾಗಮನ ಬಯಸುವವರು’ ಕಾಲಮ್ಮಿನಲ್ಲಿ ಪ್ರೆಸ್ಸು ಶುರುವಾದಾಗಿನಿಂದ ಆದ ಎಲ್ಲ ಲಗ್ನಗಳ ಬಳಗವೂ ಕೂತಿತ್ತು! ಹೊಸಬರು ಮೇಲೆ, ಹಳಬರು ಕೆಳಗೆ. ಹಳೆಯದನ್ನು ಅಳಿಸಬಾರದೇ ಎಂದು ಫೋನಿನಲ್ಲಿ ಕೇಳಿದೆ.

"ಲಗ್ನದ ಹೆಸರು ಅಳಸಬಾರದ್ರಿ, ಅಪಶಕುನ" ಎಂದರು ಪ್ರೆಸ್ಸಿನವರು.

ಅಳತೆ

ಉದ್ದಕ್ಕೊಂದು ಮಿತಿ ಹಾಕು ಎಂದು ಸಹೋದ್ಯೋಗಿಗೆ ಹೇಳಿದೆ. ಅವನು ಬರೆದು ತಂದ ಕೋಡ್ ಅಷ್ಟನ್ನೂ ಮೊದಲು ಒಳಗೆ ತುಂಬಿಕೊಂಡು ಆಮೇಲೆ ಅಳೆಯುತ್ತಿತ್ತು. ಅಷ್ಟರಲ್ಲಿ ಪ್ರೋಗ್ರಾಂ ಮಲಗಿರುತ್ತದಲ್ಲೋ ಪುಣ್ಯಾತ್ಮಾ ಎಂದೆ.

"ಒಳಗ ಬಂದ ಮ್ಯಾಲೇ ಅಳತಿ ಗೊತ್ತಾಗೋದಲ್ರಿ, ಸರ?"

ಬರುಬರುತ್ತಲೇ ಎಣಿಸಿ ಮಿತಿ ಮುಟ್ಟಿದಲ್ಲಿ ನಿಲ್ಲಿಸಬೇಕು ಎಂದು ಬಿಡಿಸಿ ಹೇಳಿದೆ. ತಿದ್ದಿಕೊಂಡು ಬಂದ. ಈಗ ಮಿತಿ ದಾಟಿದ ಹೆಸರುಗಳನ್ನು ಸದ್ದಿಲ್ಲದೆ ಕತ್ತರಿಸುತ್ತಿತ್ತು. ಯಾರಿಗೂ ಹೇಳದೆ ಕತ್ತರಿಸುವುದು ಯಾಕೆ ಎಂದು ಕೇಳಿದೆ.

"ಹೇಳಿದ್ರ ಜಗಳಾ ಮಾಡ್ತಾರ್ರಿ" ಎಂದ.

ನಾನು ಪಾಸು ಮಾಡಲಿಲ್ಲ.

ವೈನಿ

ಆದರೆ ನಮ್ಮ ಕಂಪನಿಯ ಮಾಲಕರಿಗೆ ಅವಸರ. ಅವರ ಮಗಳದೇ ಲಗ್ನ. ಪತ್ರಿಕೆ ಹುಕ್ಕೇರಿಯ ಪ್ರೆಸ್ಸಿನಲ್ಲಿ ಅಚ್ಚಾಗಬೇಕಿತ್ತು. ನನ್ನ ತಕರಾರು ಬದಿಗಿಟ್ಟು ತಾವೇ ಪಾಸು ಮಾಡಿದರು. ಪತ್ರಿಕೆ ಬಂದು ಊರೆಲ್ಲ ಹಂಚಿಯೂ ಆಯಿತು. ಮಾಲಕರ ಕಡೆಯ ಕಾಕಾಗಳೆಲ್ಲ ಮೇಲೆ ಮೆರೆಯುತ್ತಿದ್ದರು. ಹುಡುಗಿಯ ಸೋದರಮಾವನ ಹೆಸರು ಪಟ್ಟಿಯ ಕೊನೆಯಲ್ಲಿತ್ತು, ಅದೇ ಮಾಯ. ದಡ್ಡಿ ಎಂಬ ಅವರ ಊರಿನಿಂದ ಫೋನು ಬಂತು. ಮದುಮಗಳನ್ನು ಹಂದರಕ್ಕೆ ಕರೆತರಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ, ನಾನು ಬರುವುದಿಲ್ಲ ಎಂದರಂತೆ. ಸೋದರಮಾವನಿಲ್ಲದೆ ಅಕ್ಷತೆ ಬೀಳುವುದು ಹೇಗೆ? ಮಾಲಕರ ಊಟ ಎರಡು ಹೊತ್ತೂ ಖಾನಾವಳಿಯಲ್ಲಾಯಿತು. ತಕರಾರು ಬದಿಗಿಟ್ಟ ಸಿಟ್ಟಿದ್ದ ನನಗೆ ಒಳಗೊಳಗೇ ಖುಷಿಯಾಯಿತು.

ಮರುದಿನ ಮಾಲಕರ ಹೆಂಡತಿ, ನಮಗೆಲ್ಲ ವೈನಿ, ಅಂದರೆ ಅತ್ತಿಗೆ, ಆಫೀಸಿಗೇ ಬಂದು ನನ್ನ ಕುರ್ಚಿಯಲ್ಲಿ ಕೂತರು. ದಡ್ಡಿಯ ತಮ್ಮನ ಹೆಸರನ್ನು ಎಲ್ಲರಿಗಿಂತ ಮೇಲೆ ಹಾಕಿಸಿ ಹೊಸ ಪತ್ರಿಕೆ ಮಾಡಿಸಿದರು. ಆ ತಮ್ಮ ಬರಲು ಒಪ್ಪಿದ ಮೇಲೆಯೇ ಸಹೋದ್ಯೋಗಿಯತ್ತ ತಿರುಗಿ, ಇನ್ನು ಮುಂದೆ ಹೆಸರು ಹೆಚ್ಚಾದರೆ ಏನು ಮಾಡುತ್ತೀಯ ಎಂದು ಕೇಳಿದರು.

"ಕತ್ತರಸೂದಿಲ್ರಿ, ವೈನಿ. ಮಾಲಕರನ್ನ ಕೇಳ್ರಿ ಅಂತ ಬರ್ತೈತ್ರಿ."

"ಅವರನ್ನ ಯಾಕ? ನನ್ನ ಕೇಳಲಿ."

ಅವನು ಹಾಗೇ ಬರೆದ. ನಾನು ಪಾಸು ಮಾಡಿದೆ. ಈಗ ಮೂಡಲಗಿಯಾಗಲಿ ಹುಕ್ಕೇರಿಯಾಗಲಿ, ಮಿತಿ ಮೀರಿದ ಕೂಡಲೇ ಪರದೆಯ ಮೇಲೆ ಬರುತ್ತದೆ: ‘ಹೆಸರು ಹೆಚ್ಚಾಗಿವೆ. ವೈನಿಯವರನ್ನು ಕೇಳಿ.’ ಯಾವ ವೈನಿ ಎಂದು ಪ್ರೆಸ್ಸಿನವರಿಗೇನು ಗೊತ್ತು? ಗಿರಾಕಿಯ ಮನೆಯ ವೈನಿಯನ್ನೇ ಕೇಳುತ್ತಾರೆ. ಅಂದಿನಿಂದ ಒಂದೂ ದೂರು ಬಂದಿಲ್ಲ.